ಆರಂಭ ಶಿಲ್ಕು ಇಲ್ಲದ ಖಾತೆ

ಹೋದ ಮಾಘಮಾಸದ ಒಂದು ಸಂಜೆ ಮೊಮ್ಮಗಳು ಶಾಲೆಯಿಂದ ಬಂದವಳೇ ಚೀಲ ಕೆಳಗಿಟ್ಟು ಕೇಳಿದಳು: "ತಾತ, ನಮ್ಮ ಹಿತ್ತಲಲ್ಲಿ ಹಾಲುವಾಣದ ಮರ ಇತ್ತಂತೆ, ಹೌದಾ?"

"ಇತ್ತು ಕಣವ್ವ."

"ಅದರ ಹೂವಿಗೆ ತುಂಬಾ ಹಕ್ಕಿ ಬರ್ತಿದ್ದವಂತೆ?"

"ಬರ್ತಿದ್ದವು."

"ಎಷ್ಟು?"

"ಬೇಕಾದಷ್ಟು" ಎಂದೆ. ಅವಳು ಪೆನ್ಸಿಲ್ ಹಿಡಿದು, ಗೆರೆ ಎಳೆದ ಹಾಳೆ ಮುಂದಿಟ್ಟುಕೊಂಡು ಕೂತಿದ್ದಳು. 'ನಮ್ಮ ಊರಿನ ಮರ, ಅಂದು ಮತ್ತು ಇಂದು' ಎಂದು ಶಾಲೆಯಲ್ಲಿ ಕೆಲಸ ಕೊಟ್ಟಿದ್ದರಂತೆ. ಅವಳ ಕೋಷ್ಟಕದಲ್ಲಿ 'ಬೇಕಾದಷ್ಟು' ಎಂದು ಬರೆಯಲು ಮನೆ ಇರಲಿಲ್ಲ. "ಬೇಕಾದಷ್ಟು ಅಂದ್ರೆ ಎಷ್ಟು ತಾತ? ಹತ್ತಾ? ನೂರಾ?"

ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ಊರುಗಳ ಶಾಖೆಗಳಲ್ಲಿ ನಾನು ಬ್ಯಾಂಕಿನ ಗುಮಾಸ್ತನಾಗಿ ದುಡಿದವನು. ಸಂಜೆ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ, ಅದು ಸಿಗುವ ತನಕ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅಂಥ ನನಗೆ, ಐವತ್ತು ವರ್ಷ ನನ್ನ ಹಿತ್ತಲಲ್ಲೇ ನಿಂತಿದ್ದ ಮರದ ಲೆಕ್ಕ ಬರಲಿಲ್ಲ.

ಮಕ್ಕಳೇ, ಮೊದಲು ಮರದ ಪರಿಚಯ ಹೇಳುತ್ತೇನೆ. ನಿಮ್ಮಲ್ಲಿ ಅನೇಕರು ಅದನ್ನು ನೋಡಿರಲಾರಿರಿ.

ಹಾಲುವಾಣ ಅಂದರೆ ಮುತ್ತುಗದ ಹಾಗೆ ಒಂದು ತೊಟ್ಟಿಗೆ ಮೂರು ಎಲೆ ಇರುವ ಮರ. ಕೊಂಬೆಯ ಮೇಲೆ ಸಣ್ಣ ಕಪ್ಪು ಮುಳ್ಳು. ಕೊಂಬೆ ಕಡಿದು ನೆಲಕ್ಕೆ ನೆಟ್ಟರೆ ಸಾಕು, ಚಿಗುರುತ್ತದೆ. ಅದಕ್ಕೇ ಹಿಂದಿನವರು ಬೇಲಿಗೂಟಕ್ಕೆ, ವೀಳ್ಯದೆಲೆಯ ಬಳ್ಳಿ ಹಬ್ಬಿಸಲು ಇದನ್ನು ನೆಡುತ್ತಿದ್ದರು. ಎಲೆ ದನಕ್ಕೆ, ಆಡಿಗೆ ಮೇವು. 1956ರ ತನಕ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಲ್ಲವೇ? ಹಾಗಾಗಿ ನಮ್ಮ ಬೀದಿಯ ತಮಿಳು ಮನೆಯವರು ಇದನ್ನು 'ಕಲ್ಯಾಣ ಮುರುಂಗೈ' ಎನ್ನುತ್ತಿದ್ದರು. ಇದು ಅವರೆ, ಹುರುಳಿಯ ಕುಲದ ಮರ. ಇದರ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಆ ಗಂಟಿನೊಳಗಿನ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗೊಬ್ಬರವಾಗಿಸುತ್ತವೆ. ಬೇರಿನ ಈ ಗಂಟು ಲಾಭದ ಗಂಟು. ನೆನಪಿಟ್ಟುಕೊಳ್ಳಿ, ಮುಂದೆ ನಷ್ಟದ ಗಂಟೂ ಬರುತ್ತದೆ.

ನಮ್ಮ ಅವ್ವ ತನ್ನ ತವರು ಯಳಂದೂರಿನಿಂದ, ಸುವರ್ಣಾವತಿ ಹೊಳೆದಂಡೆಯ ತೋಟದಿಂದ ಒಂದು ಗೂಟ ತಂದು ಹಿತ್ತಲ ಬೇಲಿಗೆ ನೆಟ್ಟಿದ್ದಳು. ಆಗ ನಾನು ಮೂರನೇ ಕ್ಲಾಸು. ಗೂಟ ಮರವಾಯಿತು. ಪ್ರತಿವರ್ಷ ಮಾಘದ ಹೊತ್ತಿಗೆ ಎಲೆಯೆಲ್ಲ ಉದುರಿ, ಬರಿ ಕೊಂಬೆಯ ತುದಿಯಲ್ಲಿ ಕೆಂಡದಂಥ ಕೆಂಪು ಹೂಗೊಂಚಲು. ಬಾಗಿದ ಮೊಗ್ಗುಗಳನ್ನು ಬೆರಳ ತುದಿಗೆ ಸಿಕ್ಕಿಸಿಕೊಂಡು ಹುಲಿಯುಗುರು ಎಂದು ತಂಗಿಯನ್ನು ಹೆದರಿಸುತ್ತಿದ್ದೆ.

ಆ ಹೂವಿಗೆ ಒಳ್ಳೆಯ ಮಕರಂದ. ಅದು ಸಿಗುವ ಕಾಲವನ್ನೂ ಗಮನಿಸಬೇಕು. ಫೆಬ್ರವರಿ, ಮಾರ್ಚಿನಲ್ಲಿ ನಮ್ಮ ಕಡೆಯ ಕಾಡು ಒಣಗಿ ನಿಂತಿರುತ್ತದೆ. ಕಟ್ಟೆಯಲ್ಲಿ ನೀರಿಲ್ಲ, ಹಸಿರಿಲ್ಲ, ಹುಳುಹುಪ್ಪಟೆಯೂ ಕಡಿಮೆ. ಆಗ ಹಾಲುವಾಣ ಹಕ್ಕಿಗಳಿಗೆ ಗಂಜಿಕೇಂದ್ರ ತೆರೆದ ಹಾಗೆ. ಗೊರವಂಕ, ಪಿಕಳಾರ, ಸೂರಕ್ಕಿ, ಕಾಜಾಣ, ಗಿಳಿ, ಕಾಗೆ, ಜೊತೆಗೆ ಅಳಿಲು, ಜೇನು. ಬಂದವರು ಬಿಟ್ಟಿ ಉಂಡು ಹೋಗುವುದಿಲ್ಲ. ಹೂವಿಂದ ಹೂವಿಗೆ ಪರಾಗ ಸಾಗಿಸಿ ಕೂಲಿ ಮಾಡಿಯೇ ಹೋಗುತ್ತಾರೆ.

ನನ್ನ ಮನೆಯವಳಿಗೆ ಒಂದು ಅಭ್ಯಾಸವಿತ್ತು. ಆ ಎರಡು ತಿಂಗಳು ಬೆಳಗಿನ ಕಾಫಿಯನ್ನು ಹಿತ್ತಲ ಮೆಟ್ಟಿಲ ಮೇಲೆಯೇ ಕೂತು ಕುಡಿಯುತ್ತಿದ್ದಳು. ಮೊದಲು ಯಾವ ಹಕ್ಕಿ ಬರುತ್ತದೆ, ಯಾವುದು ಯಾವುದನ್ನು ಓಡಿಸುತ್ತದೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಒಳಗಿಂದ ಕೂಗಿದರೆ, "ತಡೀರಿ, ಕಾಜಾಣ ಬಂದದೆ" ಎನ್ನುತ್ತಿದ್ದಳು. ನಾನು ಬಸ್ಸು ಹಿಡಿಯುವ ಅವಸರದಲ್ಲಿ ಇರುತ್ತಿದ್ದೆ.

2007ರಲ್ಲಿ ನಾನು ಯಳಂದೂರು ಶಾಖೆಯಲ್ಲಿದ್ದೆ. ಎಲೆತೋಟದ ರೈತರೊಬ್ಬರು ಬಂದು ಮೇಜಿನ ಮೇಲೆ ಒಂದು ಕೊಂಬೆ ಇಟ್ಟರು. "ಸಾ, ಹಾಲುವಾಣಕ್ಕ ಗಂಟು ಬಂದ್ಬುಟ್ಟದ. ನೋಡಿ, ಎಲ ಎಲ್ಲ ಮುದುರಿ ಕೂತದ" ಎಂದರು. ಎಲೆಯ ತುಂಬ, ತೊಟ್ಟಿನ ತುಂಬ, ಎಳೆಕಾಂಡದ ತುಂಬ ಗಂಟುಗಳು. ಬಳ್ಳಿ ಹಬ್ಬಿಸಿದ ಮರವೇ ಸೊರಗಿದರೆ ನೆರಳೂ ಇಲ್ಲ, ಆಸರೆಯೂ ಇಲ್ಲ. ಸಾಲದ ಕಂತಿಗೆ ಗಡುವು ಕೇಳಲು ಬಂದಿದ್ದರು. ನಾನು ನಮೂನೆ ತೆಗೆದೆ. ಬೆಳೆನಷ್ಟ ಬರೆಯಲು ಕಲಂ ಇತ್ತು. ಆದರೆ ಹಾಲುವಾಣ ಬೆಳೆಯಲ್ಲವಲ್ಲ! ಅದರ ನಷ್ಟ ಬರೆಯಲು ಜಾಗವೇ ಇರಲಿಲ್ಲ. ವೀಳ್ಯದೆಲೆಯ ನಷ್ಟವನ್ನು ಮಾತ್ರ ಬರೆದೆ.

ಆ ಭಾನುವಾರ ನಮ್ಮ ಹಿತ್ತಲ ಮರ ನೋಡಿದರೆ ಅಲ್ಲೂ ಅದೇ ಗಂಟು. ಅಂಗಡಿಯಿಂದ ಔಷಧಿ ತಂದು ಹೊಡೆದೆ. ಏನೂ ಆಗಲಿಲ್ಲ.

ಏಕೆ ಆಗಲಿಲ್ಲ ಎಂಬುದು ಆಮೇಲೆ ಓದಿ ತಿಳಿದದ್ದು. ಗಂಟು ಮಾಡುವುದು ಕಣಜದ ಜಾತಿಯ ಒಂದು ಕೀಟ. ಕಣಜ ಅಂದರೆ ಮನೆಯ ಜಂತೆಗೆ ಮಣ್ಣಿನ ಗೂಡು ಕಟ್ಟುತ್ತದಲ್ಲ, ಅದರ ದೂರದ ನೆಂಟ. ಆದರೆ ಉದ್ದ ಬರೀ ಒಂದೂವರೆ ಮಿಲಿಮೀಟರ್. ರಾಗಿ ಕಾಳಿನ ಪಕ್ಕ ಇಟ್ಟು ನೋಡಬೇಕಾದಷ್ಟು ಸಣ್ಣದು. ಶಾಸ್ತ್ರದ ಹೆಸರು ಕ್ವಾಡ್ರಾಸ್ಟೈಕಸ್ ಎರಿತ್ರಿನೆ. ಹೆಣ್ಣು ಕಣಜ ಹಾಲುವಾಣದ ಎಳೆ ಚಿಗುರಿನೊಳಗೆ ಮೊಟ್ಟೆ ಇಡುತ್ತದೆ. ಮರಿ ಹುಟ್ಟಿದ ಜಾಗದಲ್ಲಿ ಎಲೆ ಊದಿಕೊಂಡು ಗಂಟಾಗುತ್ತದೆ. ಗಂಟೇ ಮರಿಗೆ ಮನೆ, ಗಂಟೇ ಊಟ. ಸುಮಾರು ಇಪ್ಪತ್ತು ದಿನದಲ್ಲಿ ಅದು ದೊಡ್ಡದಾಗಿ, ಗಂಟಿಗೆ ಸೂಜಿಮೊನೆಯಷ್ಟು ತೂತು ಕೊರೆದು ಹೊರಗೆ ಹಾರುತ್ತದೆ. ನಾನು ಔಷಧಿ ಹೊಡೆದದ್ದು ಬಾಗಿಲು ಹಾಕಿದ ಮನೆಯ ಗೋಡೆಗೆ ನೀರು ಎರಚಿದ ಹಾಗಾಗಿತ್ತು.

ಈ ಕೀಟದ ತವರು ಪೂರ್ವ ಆಫ್ರಿಕಾ. ಅಲ್ಲಿ ಅದನ್ನು ತಿನ್ನುವ ಬೇರೆ ಕೀಟಗಳಿವೆ. ಹಾಗಾಗಿ ಅದರ ಆಟ ಮಿತಿಯಲ್ಲಿರುತ್ತದೆ. 2003ರಲ್ಲಿ ತೈವಾನಿನಲ್ಲಿ ಕಾಣಿಸಿಕೊಂಡಿತು. 2004ರಲ್ಲಿ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟರು. 2005ರಲ್ಲಿ ಹವಾಯಿ ದ್ವೀಪ, 2006ರ ಹೊತ್ತಿಗೆ ನಮ್ಮ ಪಕ್ಕದ ಕೇರಳ. ಅಲ್ಲಿ ಕರಿಮೆಣಸಿನ ಬಳ್ಳಿಗೆ ಆಸರೆಯಾಗಿದ್ದ ಹಾಲುವಾಣಗಳು ಸಾಯತೊಡಗಿದವು. ಗಾಳಿಯಲ್ಲಿ ತೇಲಿ, ಗಿಡದ ಜೊತೆ ಸಾಗಿ, ಸರಕಿನ ಜೊತೆ ಪಯಣಿಸಿ, ಯಾರ ಕಣ್ಣಿಗೂ ಬೀಳದೆ ಅದು ನಮ್ಮ ಹಿತ್ತಲಿಗೂ ಬಂತು.

ಎರಡು ವರ್ಷ ಮರ ಹೂ ಬಿಡಲಿಲ್ಲ. ಬಂದ ಚಿಗುರೆಲ್ಲ ಗಂಟಾಗಿ ಉದುರುತ್ತಿತ್ತು. 2009ರಲ್ಲಿ ಕಡಿಸಲು ಹೊರಟೆ. "ಇನ್ನೊಂದು ವರ್ಷ ನೋಡೋಣ ಕಣ್ರೀ, ಬುಡ ಇನ್ನೂ ಹಸಿಯಾಗದೆ" ಎಂದಳು ಮನೆಯವಳು. ಒಣಕೊಂಬೆ ಯಾರ ತಲೆ ಮೇಲಾದರೂ ಬಿದ್ದೀತು ಎಂದು ನಾನು ಕೇಳಲಿಲ್ಲ. ಮೆತ್ತನೆ ಮರ, ಅರ್ಧ ಗಂಟೆಯಲ್ಲಿ ಉರುಳಿತು.

ಮುಂದಿನ ಮಾಘದಲ್ಲಿ ಅವಳು ಎಂದಿನಂತೆ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಳು. ನಾಲ್ಕೈದು ದಿನ ಕೂತಳು. ಆಮೇಲೆ ಅಡಿಗೆಮನೆಯಲ್ಲೇ ಕುಡಿಯತೊಡಗಿದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅವಳು ಹೋಗಿ ಈಗ ಆರು ವರ್ಷ. ಇದ್ದಿದ್ದರೆ ಮೊಮ್ಮಗಳ ಕೋಷ್ಟಕದ ಮೊದಲ ಸಾಲು ತುಂಬುತ್ತಿತ್ತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೊರಗಿನ ಒಂದು ಕೀಟ ಬಂದು ಮರಕ್ಕೆ ಬಿತ್ತು. ಅದರಿಂದ ಕಾಡಿಗೆ, ಊರಿಗೆ ಏನಾಯಿತು ಎಂದು ತಿಳಿಯುವುದು ಹೇಗೆ? ಲೆಕ್ಕದವನ ಭಾಷೆಯಲ್ಲಿ ಹೇಳುವುದಾದರೆ ನಾಲ್ಕು ಪುಟ ತೆರೆಯಬೇಕು. ಒಂದನೆಯದು ಮರದ ಪುಟ: ಎಲೆ ಎಷ್ಟು, ಗಂಟು ಎಷ್ಟು, ಹೂ ಬಂತೇ, ಕಾಯಿ ಕಟ್ಟಿತೇ. ಎರಡನೆಯದು ನೆಂಟರ ಪುಟ: ಯಾವ ಹಕ್ಕಿ, ಎಷ್ಟು, ಎಷ್ಟು ಹೊತ್ತಿಗೆ. ಮೂರನೆಯದು ಮಣ್ಣಿನ ಪುಟ: ಉದುರುವ ತರಗು, ಬೇರಿನ ಗಂಟು ಕೊಡುತ್ತಿದ್ದ ಗೊಬ್ಬರ. ನಾಲ್ಕನೆಯದು ಬದಲಿಯ ಪುಟ: ಮರ ಸತ್ತ ಜಾಗಕ್ಕೆ ಬಿಸಿಲು ಬಿತ್ತಲ್ಲ, ಅಲ್ಲಿ ಯಾವ ಗಿಡ ನುಗ್ಗಿತು?

ಆದರೆ ಯಾವ ಪುಟ ತೆರೆದರೂ ಮೊದಲ ಸಾಲಿನಲ್ಲಿ 'ಆರಂಭ ಶಿಲ್ಕು' ಇರಬೇಕು. ಅಂದರೆ, ಇವತ್ತು ವ್ಯವಹಾರ ಶುರುವಾಗುವ ಮೊದಲು ಪೆಟ್ಟಿಗೆಯಲ್ಲಿ ಎಷ್ಟಿತ್ತು ಎಂಬ ಸಂಖ್ಯೆ. ಅದಿಲ್ಲದೆ ಸಂಜೆ ಪೆಟ್ಟಿಗೆಯಲ್ಲಿ ನೂರು ರೂಪಾಯಿ ಸಿಕ್ಕರೆ ಲಾಭವೋ ನಷ್ಟವೋ ಹೇಳಲು ಬ್ರಹ್ಮನಿಗೂ ಆಗದು.

ಇದಕ್ಕೆ ನಮ್ಮ ಪಕ್ಕದಲ್ಲೇ ಒಳ್ಳೆಯ ಉದಾಹರಣೆ ಇದೆ. ಯಳಂದೂರಿನಿಂದ ಕಾಣುವ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಏಟ್ರೀ ಎಂಬ ಸಂಶೋಧನಾ ಸಂಸ್ಥೆಯವರು ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. 1997ರಲ್ಲಿ ಕಾಡಿನ 134 ಕಡೆ ಅಳತೆಯ ಪಟ್ಟಿ ಗುರುತಿಸಿ ಗಿಡಮರಗಳನ್ನು ಎಣಿಸಿ ಬರೆದಿಟ್ಟಿದ್ದರು. 2008ರಲ್ಲಿ ಮತ್ತೆ ಅದೇ ಜಾಗಗಳಿಗೆ ಹೋಗಿ ಎಣಿಸಿದರು. ಮೊದಲ ಸಲ ನೂರಕ್ಕೆ 41 ಜಾಗಗಳಲ್ಲಿದ್ದ ಲಂಟಾನ ಎರಡನೇ ಸಲ ನೂರಕ್ಕೆ 81 ಜಾಗಗಳಿಗೆ ಹರಡಿತ್ತು. ಹನ್ನೊಂದು ವರ್ಷದಲ್ಲಿ ಸುಮಾರು ಎರಡರಷ್ಟು! ಲಂಟಾನ ಕೀಟವಲ್ಲ, ಹೊರಗಿಂದ ಬಂದ ಪೊದೆ. ಆದರೆ ಲೆಕ್ಕದ ವಿಧಾನ ಒಂದೇ. 1997ರಲ್ಲಿ ಯಾರೂ ಎಣಿಸದೇ ಹೋಗಿದ್ದರೆ 2008ರಲ್ಲಿ ಅವರೂ ನನ್ನ ಹಾಗೆ "ಮೊದಲು ಕಮ್ಮಿ ಇತ್ತು, ಈಗ ಬೇಕಾದಷ್ಟದೆ" ಎನ್ನಬೇಕಿತ್ತು.

ಹವಾಯಿ ದ್ವೀಪದ ಕಥೆಯನ್ನೂ ಕೇಳಿ. ಅಲ್ಲಿ ನಮ್ಮ ಹಾಲುವಾಣದ ಸೋದರ ಮರವೊಂದಿದೆ, ಹೆಸರು ವಿಲಿವಿಲಿ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಕಾಡುಮರ. 2005ರಲ್ಲಿ ಕಣಜ ಬಂದು ಕೆಲವೇ ತಿಂಗಳಲ್ಲಿ ದ್ವೀಪಗಳಿಗೆಲ್ಲ ಹರಡಿತು. ಅಲ್ಲಿಯವರು ಎರಡು ಕೆಲಸ ಮಾಡಿದರು. ಮರಗಳೆಲ್ಲ ಸತ್ತೇಹೋದರೆ ಗತಿಯೇನು ಎಂದು ಬೀಜ ಆರಿಸಿ ಜೋಪಾನ ಮಾಡಿಟ್ಟರು. ಇದು ನಿಶ್ಚಿತ ಠೇವಣಿ! ಇನ್ನೊಂದು, ಕಣಜದ ತವರಾದ ಪೂರ್ವ ಆಫ್ರಿಕಾಕ್ಕೆ ಹೋಗಿ ಅದರ ಶತ್ರು ಯಾರೆಂದು ಹುಡುಕಿದರು. ತಾಂಜಾನಿಯದಲ್ಲಿ ಇನ್ನೊಂದು ಕಣಜ ಸಿಕ್ಕಿತು. ಅದರ ಮರಿ ಗಂಟಿನೊಳಗಿರುವ ಮರಿಗಳನ್ನೇ ತಿಂದು ಬೆಳೆಯುತ್ತದೆ. ತಂದ ಕೂಡಲೇ ಹೊರಗೆ ಬಿಡಲಿಲ್ಲ. ಬಂದೋಬಸ್ತಿನ ಕೋಣೆಯಲ್ಲಿಟ್ಟು, ಇದು ನಮ್ಮ ಬೇರೆ ಕೀಟಗಳ ಮೇಲೆ ಬೀಳುತ್ತದೆಯೇ ಎಂದು ಪರೀಕ್ಷಿಸಿದರು. ಸಾಲ ಮಂಜೂರಿಗೆ ಮುಂಚೆ ಆಸಾಮಿಯ ಪೂರ್ವಾಪರ ವಿಚಾರಿಸುವುದಿಲ್ಲವೇ, ಹಾಗೆ. 2008ರ ನವೆಂಬರಿನಲ್ಲಿ ಬಿಟ್ಟರು. ವಿಲಿವಿಲಿ ಮತ್ತೆ ಎಲೆ ತಳೆಯಿತು. ಆದರೆ ಹೂವಿಗೆ, ಕಾಯಿಗೆ ಗಂಟಿನ ಕಾಟ ಪೂರ್ತಿ ತಪ್ಪಲಿಲ್ಲ. ಹಾಗಾಗಿ ಆ ಖಾತೆ ಇನ್ನೂ ಮುಗಿದಿಲ್ಲ.

ಅಷ್ಟು ದೂರ ಏಕೆ, ರೇಷ್ಮೆ ನಾಡಿನವರಾದ ನಮಗೆ ಪಪ್ಪಾಯಿಯ ಹಿಟ್ಟುತಿಗಣೆ ನೆನಪಿರಬೇಕು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಹಿಪ್ಪುನೇರಳೆ ತೋಟಗಳಿಗೂ ಬಿದ್ದು, ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತ್ತು. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆಯ ವಿಜ್ಞಾನಿಗಳು ಪೋರ್ಟೋರಿಕೋದಿಂದ ಪುಟ್ಟ ಕಣಜಗಳನ್ನು ತರಿಸಿ, ಪರೀಕ್ಷಿಸಿ, ಬೆಳೆಸಿ ತೋಟಗಳಿಗೆ ಬಿಟ್ಟರು. ತಿಗಣೆ ಹತೋಟಿಗೆ ಬಂತು. ಒಂದು ಪರದೇಶಿ ಕಣಜ ಹಾಲುವಾಣವನ್ನು ಕೆಡಿಸಿತು, ಇನ್ನೊಂದು ಪರದೇಶಿ ಕಣಜ ಹಿಪ್ಪುನೇರಳೆಯನ್ನು ಉಳಿಸಿತು. ಹೊರಗಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ಕಣ್ಣುಮುಚ್ಚಿ ಬರೆಯುವ ಹಾಗಿಲ್ಲ. ಜಮಾ ಯಾವುದು, ಖರ್ಚು ಯಾವುದು ಎಂದು ನೋಡಿಯೇ ಬರೆಯಬೇಕು.

ಇಷ್ಟೆಲ್ಲ ಮೊಮ್ಮಗಳಿಗೆ ಹೇಳಿದ ಮೇಲೆ ಅವಳು, "ಹಾಗಾದ್ರೆ ಈಗ ಎಣಿಸೋಣ ನಡಿ ತಾತ" ಎಂದಳು. ಎಲ್ಲಿ ಎಣಿಸುವುದು? ಕೊಳ್ಳೇಗಾಲದ ನಮ್ಮ ಬಡಾವಣೆಯಲ್ಲಿ ಹಾಲುವಾಣವೇ ಇಲ್ಲ. ಹನೂರು ಶಾಖೆಯಲ್ಲಿ ನನ್ನ ಜೊತೆ ಜವಾನರಾಗಿದ್ದ ಗೆಳೆಯರೊಬ್ಬರು ಅಲ್ಲೇ ಹತ್ತಿರದ ಹಳ್ಳಿಯಲ್ಲಿದ್ದಾರೆ. ಫೋನು ಮಾಡಿದೆ. "ನಮ್ಮ ಬೇಲೀಲಿ ಒಂದು ಅದ, ಬನ್ನಿ ಸಾ" ಎಂದರು. ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಕಾಮಗೆರೆ ದಾಟಿ ಹೋದೆವು.

ಮರ ಇತ್ತು. ಅದಕ್ಕೂ ಗಂಟು ಬಂದು, ಒಂದೆರಡು ವರ್ಷ ಬೋಳಾಗಿ ನಿಂತಿತ್ತಂತೆ. ಅವರು ಕಡಿಯದೆ ಸುಮ್ಮನೆ ಬಿಟ್ಟಿದ್ದರಂತೆ. ಮತ್ತೆ ಚಿಗುರಿತಂತೆ. ಈಗಲೂ ಕೆಳಗಿನ ಎಲೆಗಳಲ್ಲಿ ಗಂಟು ಕಂಡವು. ಆದರೆ ನಾಲ್ಕು ಕೊಂಬೆಗಳ ತುದಿಯಲ್ಲಿ ಕೆಂಪು ಹೂ! ನಾನು ಬಹಳ ಹೊತ್ತು ಏನೂ ಮಾತಾಡದೆ ನಿಂತೆ. ನನ್ನ ಮರವೂ ಹೀಗೆ ಮತ್ತೆ ಚಿಗುರುತ್ತಿತ್ತು ಎಂದು ಹೇಳಲಾರೆ. ಚಿಗುರಲು ನಾನು ಸಮಯ ಕೊಡಲಿಲ್ಲ ಎಂಬುದಂತೂ ನಿಜ.

"ಹಿಂದೆ ಇದಕ್ಕೆ ಎಷ್ಟು ಹಕ್ಕಿ ಬರ್ತಿದ್ದವು ತಾತ?" ಎಂದು ಮೊಮ್ಮಗಳು ಗೆಳೆಯರನ್ನು ಕೇಳಿದಳು. "ಅಯ್ಯೋ, ಬೇಕಾದಷ್ಟು ಕಣವ್ವ!" ಎಂದರು. ಅವಳು ನನ್ನ ಮುಖ ನೋಡಿ ನಕ್ಕಳು.

ಕಲ್ಲಿನ ಮೇಲೆ ಕೂತು ಗಡಿಯಾರ ನೋಡಿ ಅರ್ಧ ಗಂಟೆ ಎಣಿಸಿದೆವು. ಗೊರವಂಕ ನಾಲ್ಕು. ಪಿಕಳಾರ ಎರಡು. ಸೂರಕ್ಕಿ ಒಂದು. ಕಾಗೆ ಒಂದು. ಅಳಿಲು ಒಂದು. "ಇಷ್ಟೇನಾ ತಾತ?" ಎಂದಳು, ಸಪ್ಪೆ ಮುಖ ಮಾಡಿ. "ಇದು ಆರಂಭ ಶಿಲ್ಕು ಕಣವ್ವ. ಹೆಚ್ಚೋ ಕಮ್ಮಿಯೋ ಅನ್ನೋದು ಮುಂದಿನ ಮಾಘಕ್ಕೆ ಗೊತ್ತಾಗೋದು" ಎಂದೆ.

ಹೊರಡುವಾಗ ಅವಳು ಒಂದು ಕೊಂಬೆ ಬೇಕೆಂದು ಹಟ ಹಿಡಿದಳು, ಮುತ್ತಜ್ಜಿಯ ಹಾಗೆ ಹಿತ್ತಲಲ್ಲಿ ನೆಡಲು. ಬೇಡವೆಂದೆ. ಗಂಟಿರುವ ಕೊಂಬೆಯನ್ನು ಊರಿಂದೂರಿಗೆ ಒಯ್ದರೆ ಕಣಜಕ್ಕೆ ನಾವೇ ಟಿಕೆಟ್ ಕೊಟ್ಟ ಹಾಗೆ. ಕಾಯಿ ಒಣಗಿದ ಮೇಲೆ ಚೆನ್ನಾಗಿರುವ ಬೀಜ ಆರಿಸಿ ಕಳಿಸುತ್ತೇನೆಂದರು ಗೆಳೆಯರು. ಮಾತು ತಪ್ಪಲಿಲ್ಲ. ಐದು ಬೀಜ ಬಂದವು, ಎರಡು ಮೊಳೆತವು, ಒಂದನ್ನು ಬಸವನಹುಳು ತಿಂದಿತು. ಉಳಿದ ಒಂದು ಈಗ ಮೊಮ್ಮಗಳ ಮೊಣಕಾಲೆತ್ತರ ಇದೆ. ಹೊಸ ಎಲೆ ಬಂದಾಗಲೆಲ್ಲ ತಿರುಗಿಸಿ ನೋಡುತ್ತಾಳೆ, ಗಂಟಿದೆಯೇ ಎಂದು. ಇದುವರೆಗೆ ಮೂರು ಎಲೆಯಲ್ಲಿ ಸಿಕ್ಕಿದೆ. ಆ ಎಲೆಗಳನ್ನು ಕಿತ್ತು ಒಲೆಗೆ ಹಾಕಿದ್ದೇವೆ, ಪುಸ್ತಕದಲ್ಲಿ ತಾರೀಕು ಬರೆದಿದ್ದೇವೆ.

ಮಕ್ಕಳೇ, ನಿಮ್ಮ ಮನೆ ಹತ್ತಿರ ಹಾಲುವಾಣವೇ ಇರಬೇಕೆಂದಿಲ್ಲ. ಹೊಂಗೆ, ಮುತ್ತುಗ, ಬೇವು, ಯಾವುದಾದರೂ ಒಂದು ಮರ ಆರಿಸಿಕೊಳ್ಳಿ. ಒಂದು ನೋಟು ಪುಸ್ತಕ ಇಡಿ. ಎಲೆ ಉದುರಿದ ದಿನ, ಮೊದಲ ಹೂ ಕಂಡ ದಿನ ಬರೆಯಿರಿ. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ಹತ್ತು ನಿಮಿಷ ಕೂತು ಬಂದ ಹಕ್ಕಿಗಳನ್ನು ಎಣಿಸಿ. ಹತ್ತು ಎಲೆ ನೋಡಿ, ಎಷ್ಟರಲ್ಲಿ ಗಂಟು, ಎಷ್ಟರಲ್ಲಿ ತೂತು ಎಂದು ಬರೆಯಿರಿ. ಹಕ್ಕಿ ಬರದ ದಿನ ಸೊನ್ನೆ ಬರೆಯಿರಿ. ಸೊನ್ನೆಯೂ ಲೆಕ್ಕವೇ. ನಾಳೆ ಯಾವ ಕೀಟ ಯಾವ ಹಡಗಿನಲ್ಲಿ ಬರುತ್ತದೋ ಯಾರು ಕಂಡರು? ಬಂದ ದಿನ ನಿಮ್ಮ ಪುಸ್ತಕದಲ್ಲಿ ಅದಕ್ಕೆ ಮುಂಚಿನ ಪುಟ ಇರಲಿ.

ನನ್ನ ಓರಗೆಯ ತಾತ ಅಜ್ಜಿಯರಿಗೂ ಒಂದು ಮಾತು. ನಮ್ಮ ತಲೆಯಲ್ಲಿ ಹಳೆಯ ಶಿಲ್ಕು ಇನ್ನೂ ಸ್ವಲ್ಪ ಉಳಿದಿದೆ. ಯಾವ ಮರ ಎಲ್ಲಿತ್ತು, ಯಾವ ತಿಂಗಳಲ್ಲಿ ಹೂ ಬಿಡುತ್ತಿತ್ತು, ಯಾವ ಹಕ್ಕಿ ಬರುತ್ತಿತ್ತು ಎಂದು ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೇಳಿ, ಬರೆಸಿ. ಮನೆಯಲ್ಲಿ ನೋಡಿ ನೆನಪಿಟ್ಟವರು ಬೇರೊಬ್ಬರಿದ್ದರೆ ಅವರನ್ನು ಇವತ್ತೇ ಕೇಳಿ.

ಮೊಮ್ಮಗಳ ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಮೊದಲ ಪುಟದಲ್ಲಿ, ಹನೂರಿನ ಒಂಬತ್ತು ನೆಂಟರ ಪಟ್ಟಿಗೂ ಮೇಲೆ, ಅವಳು ದುಂಡು ಅಕ್ಷರದಲ್ಲಿ ಒಂದು ಸಾಲು ಬರೆದಿದ್ದಾಳೆ: "ನಮ್ಮ ಹಿತ್ತಲ ಮರ, 2007ಕ್ಕೆ ಮೊದಲು: ಅಜ್ಜಿಗೆ ಗೊತ್ತಿತ್ತು. ತಾತ ಕೇಳಲಿಲ್ಲ."